ಸೀಲಿಂಗ್ ಫ್ಯಾನಿನ ಸಂದರ್ಶನ

ನನ್ನ ಹತ್ತಿರ ಒಂದು ಸೀಲಿಂಗ್ ಫ್ಯಾನಿನ ಸಂದರ್ಶನ ಇದೆ. 52 ನಿಮಿಷದ್ದು. ಫುಲ್ ಎಚ್‌ಡಿ. ಬಣ್ಣ ಚೆನ್ನಾಗಿ ಬಂದಿದೆ, ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದಿದ್ದನ್ನೂ ಓದಬಹುದು. ಫ್ಯಾನಿನ ಸದ್ದಿನ ಆಚೆ, ಎಲ್ಲೋ ದೂರದಲ್ಲಿ, ಒಬ್ಬರು ಅಜ್ಜಿ ಮಾತಾಡುತ್ತಿದ್ದಾರೆ.

ಮೊನ್ನೆ ಚಿಕ್ಕಮ್ಮನ ಮಗಳು ಮೆಸೇಜ್ ಮಾಡಿದ್ದಳು. ಕಾಲೇಜಿನ ಪ್ರಾಜೆಕ್ಟಿಗೆ ಊರಿನ ಹಿರಿಯರನ್ನು ಮಾತಾಡಿಸಬೇಕಂತೆ. "ಅಣ್ಣಾ, 25,000ದ ಒಳಗೆ, ಹೊರಗಿನ ಮೈಕ್ ಹಾಕೋಕೆ ಆಗೋ ವಿಡಿಯೋ ಕ್ಯಾಮೆರಾ ಯಾವುದು ತಗೊಳ್ಲಿ?" ಒಂದು ಮಾಡೆಲ್ ನಂಬರ್ ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ಟೈಪ್ ಮಾಡಿದೆ, ಅಳಿಸಿದೆ. ಇನ್ನೊಂದು ಟೈಪ್ ಮಾಡಿದೆ, ಅದನ್ನೂ ಅಳಿಸಿದೆ. ಕೊನೆಗೆ "ತಡಿ, ಬರೆದು ಕಳಿಸ್ತೀನಿ" ಅಂದೆ. ಹಾಗೆ ಬರೆಯಲು ಕೂತದ್ದು ಇದು. ಅವಳು ಪೂರ್ತಿ ಓದುತ್ತಾಳೆ ಅನ್ನುವ ನಂಬಿಕೆ ನನಗಿಲ್ಲ, ಆದ್ರೂ ಬರೆಯುತ್ತೇನೆ.

2018ರ ಮೇ ತಿಂಗಳು. ನಮ್ಮಮ್ಮನ ಸೋದರತ್ತೆ, ನಾವೆಲ್ಲ ಅಜ್ಜಿ ಅಂತಲೇ ಕರೆಯುವುದು, ಸಾಗರದ ಹತ್ತಿರದ ಮಗನ ಮನೆಯಲ್ಲಿದ್ದರು. ಅವರು ಮದುವೆಯಾಗಿ ಹೋದ ಊರು ಈಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಆಗ ಶರಾವತಿ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. ಹೆಂಚು ಇಳಿಸಿ, ಬಾಗಿಲ ಚೌಕಟ್ಟು ಕಿತ್ತು, ಗಾಡಿಗೆ ಹೇರಿಕೊಂಡು ಬಂದ ಕತೆಯನ್ನು ಚಿಕ್ಕಂದಿನಿಂದ ತುಂಡು ತುಂಡಾಗಿ ಕೇಳಿದ್ದೆ. ಒಂದು ಸಲ ಪೂರ್ತಿ ಕೂರಿಸಿ ರೆಕಾರ್ಡ್ ಮಾಡಬೇಕು ಅಂತ ಬಹಳ ದಿನದಿಂದ ಇತ್ತು. ಹಾಗಾಗಿ ಕ್ಯಾಮೆರಾ ಕೊಂಡೆ.

ಬೆಂಗಳೂರಿನ ಒಂದು ಅಂಗಡಿಯಲ್ಲಿ. ಹುಡುಗ ಬಹಳ ಉತ್ಸಾಹದಿಂದ ತೋರಿಸಿದ. ಎಷ್ಟು ಮೆಗಾಪಿಕ್ಸೆಲ್, ಎಂಥಾ ಲೆನ್ಸ್, ಬ್ಯಾಗ್ ಫ್ರೀ, 16 ಜಿಬಿ ಕಾರ್ಡ್ ಫ್ರೀ. "ವಿಡಿಯೋ ಬರ್ತದಾ?" ಅಂತ ಕೇಳಿದೆ. "ಸೂಪರ್ ಆಗಿ ಬರುತ್ತೆ ಸಾರ್." ಅವನು ಸುಳ್ಳು ಹೇಳಲಿಲ್ಲ. ವಿಡಿಯೋ ನಿಜಕ್ಕೂ ಚೆನ್ನಾಗಿ ಬರುತ್ತಿತ್ತು. ಮೈಕ್ ಹಾಕಲು ತೂತು ಇದೆಯಾ ಅಂತ ನಾನು ಕೇಳಲಿಲ್ಲ, ಯಾಕೆಂದರೆ ಅಂಥದ್ದೊಂದು ತೂತು ಇರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಈ ವಿಷಯದಲ್ಲಿ ಕ್ಯಾಮೆರಾ ಕಂಪನಿಗಳ ರೀತಿ ವಿಚಿತ್ರ. ನಿಕಾನ್ ಡಿ3300ರಲ್ಲಿ ಮೈಕ್ ಜಾಕ್, ಅಂದರೆ ಆ ತೂತು, ಇತ್ತು. ಅದರ ನಂತರ 2016ರಲ್ಲಿ ಬಂದ ಡಿ3400ರಲ್ಲಿ ತೆಗೆದುಬಿಟ್ಟರು. ಡಿ3500ರಲ್ಲೂ ಇಲ್ಲ. ಹೊಸದು ಅಂದರೆ ಜಾಸ್ತಿ ಇರಬೇಕು ಅಂತ ನಾವು ಅಂದುಕೊಳ್ಳುತ್ತೇವೆ, ಇಲ್ಲಿ ಉಲ್ಟಾ. ಕ್ಯಾನನ್‌ನಲ್ಲಿ 1300ಡಿ, 1500ಡಿ, 3000ಡಿ, ಅಂದರೆ ಹಬ್ಬದ ಆಫರಿನಲ್ಲಿ ರಾಶಿ ರಾಶಿ ಮಾರುತ್ತಿದ್ದ ಕ್ಯಾಮೆರಾಗಳು, ಯಾವುದರಲ್ಲೂ ಮೈಕ್ ಜಾಕ್ ಇಲ್ಲ. ಅದೇ 2013ರ ಹಳೇ 700ಡಿಯಲ್ಲಿ ಇದೆ, 2017ರ 200ಡಿಯಲ್ಲಿ ಇದೆ. ಸೋನಿಯ ಎ6000 ಎಷ್ಟೋ ಜನ ಕೊಂಡ ಕ್ಯಾಮೆರಾ, ಅದರಲ್ಲೂ ಇಲ್ಲ. ಎ6400ರಲ್ಲಿ ಇದೆ. ಹ್ಯಾಂಡಿಕ್ಯಾಮ್ ಅಂದರೆ ವಿಡಿಯೋಗೆಂದೇ ಮಾಡಿದ್ದು, ಅದರಲ್ಲಿ ಇದ್ದೇ ಇರುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಸೋನಿಯ ಸಿಎಕ್ಸ್405 ಎಲ್ಲ ಕಡೆ ಸಿಗುತ್ತಿದ್ದ ಅಗ್ಗದ ಹ್ಯಾಂಡಿಕ್ಯಾಮ್, ಅದಕ್ಕೂ ಮೈಕ್ ಹಾಕಲು ಬರುವುದಿಲ್ಲ. ಡಬ್ಬಿಯ ಮೇಲೆ ಇದೆಲ್ಲ ಬರೆದಿರುವುದಿಲ್ಲ. ಕ್ಯಾಮೆರಾ ಕೈಗೆ ತಗೊಂಡು, ಎಡಗಡೆಯ ರಬ್ಬರ್ ಮುಚ್ಚಳವನ್ನು ಉಗುರಿನಲ್ಲಿ ಎತ್ತಿ, ಒಳಗೆ ಮೈಕಿನ ಪುಟ್ಟ ಚಿತ್ರ ಇರುವ ದುಂಡನೆಯ ತೂತು ಇದೆಯಾ ಅಂತ ಕಣ್ಣಾರೆ ನೋಡಬೇಕು. ಅಷ್ಟೇ ಪರೀಕ್ಷೆ.

ನಾನು ನೋಡಿರಲಿಲ್ಲ. ಅಜ್ಜಿಯನ್ನು ಹಾಲ್‌ನಲ್ಲಿ ಕುರ್ಚಿಯ ಮೇಲೆ ಕೂರಿಸಿದೆ. ಎಂಟು ಅಡಿ ದೂರದಲ್ಲಿ ಕ್ಯಾಮೆರಾ. ಮೇ ತಿಂಗಳ ಸೆಕೆ, ಫ್ಯಾನು ಜೋರಾಗಿ ತಿರುಗುತ್ತಿತ್ತು, ಕ್ಯಾಮೆರಾ ಸರಿಯಾಗಿ ಅದರ ಕೆಳಗೇ. ನಮ್ಮ ಕಿವಿ ಬಹಳ ಉಪಕಾರಿ. ಎದುರಿಗೆ ಮನುಷ್ಯರು ಮಾತಾಡುತ್ತಿದ್ದರೆ ಫ್ಯಾನಿನ ಸದ್ದನ್ನು ಅದೇ ತೆಗೆದುಹಾಕಿಬಿಡುತ್ತದೆ. ಹಾಗಾಗಿ ನನಗೆ ಅಲ್ಲಿ ಫ್ಯಾನು ಕೇಳಲೇ ಇಲ್ಲ. ಕ್ಯಾಮೆರಾದ ಮೈಕಿಗೆ ಆ ದಾಕ್ಷಿಣ್ಯ ಇಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಇಂಥ ಕ್ಯಾಮೆರಾಗಳಲ್ಲಿ ಸೌಂಡ್ ಆಟೋದಲ್ಲಿರುತ್ತದೆ. ಜೋರು ಸದ್ದು ಬಂದರೆ ತಗ್ಗಿಸುತ್ತದೆ, ಸದ್ದು ಕಮ್ಮಿಯಾದರೆ ಏರಿಸುತ್ತದೆ. ವಯಸ್ಸಾದವರು ಮಾತಾಡುವಾಗ ಮಧ್ಯೆ ಮಧ್ಯೆ ನಿಲ್ಲಿಸುತ್ತಾರೆ ಅಲ್ವಾ, ಏನೋ ನೆನಪು ಮಾಡಿಕೊಳ್ಳುತ್ತಾ. ಅಜ್ಜಿ ಸುಮ್ಮನಾದ ಕೂಡಲೇ ಕ್ಯಾಮೆರಾ "ಏನೂ ಕೇಳ್ತಿಲ್ಲವಲ್ಲ" ಅಂದುಕೊಂಡು ಸೌಂಡ್ ಏರಿಸುತ್ತದೆ, ಆಗ ಫ್ಯಾನು ಮಾತು ಶುರು ಮಾಡುತ್ತದೆ. ಅಜ್ಜಿ ಮತ್ತೆ ಬಾಯಿ ತೆರೆದಾಗ ಫ್ಯಾನು ಸ್ವಲ್ಪ ತಗ್ಗುತ್ತದೆ, ಆ ತಗ್ಗುವಷ್ಟರಲ್ಲಿ ಮೊದಲ ಒಂದೆರಡು ಶಬ್ದ ಹೋಗಿರುತ್ತದೆ. 52 ನಿಮಿಷ ಇದೇ ಜುಗಲ್‌ಬಂದಿ.

ಒಂದು ಕಡೆ ಅಜ್ಜಿ ಮುಳುಗಿದ ಗದ್ದೆಗಳ ಹೆಸರು ಹೇಳುತ್ತಾರೆ. ಮಲೆನಾಡಿನಲ್ಲಿ ಗದ್ದೆಗೆಲ್ಲ ಹೆಸರಿರುತ್ತದೆ, ಗೊತ್ತಲ್ಲ. ಬೆರಳು ಮಡಚಿ ಮಡಚಿ ಏಳು ಹೆಸರು ಹೇಳಿದರು. ವಿಡಿಯೋದಲ್ಲಿ ಬೆರಳು ಏಳು ಸಲ ಮಡಚುವುದು ಸ್ಪಷ್ಟವಾಗಿ ಕಾಣುತ್ತದೆ. ಹೊಳೆಗದ್ದೆ, ಬಸರಿಮರದ ಗದ್ದೆ, ಕೆಳಗಿನ ಬಯಲು, ಇನ್ನೊಂದು ಮೂಲೆಗದ್ದೆ. ನಾಲ್ಕು ಕೇಳುತ್ತದೆ. ಮೂರು ಫ್ಯಾನಿಗೆ ಹೋಯಿತು. ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ತೀರಿಕೊಂಡರು.

ಕಂಪ್ಯೂಟರಿನಲ್ಲಿ ಸರಿ ಮಾಡಬಹುದು ಅಂತ ಸ್ನೇಹಿತನೊಬ್ಬ ಹೇಳಿದ. ಆಡಾಸಿಟಿ ಅನ್ನುವ ಫ್ರೀ ಸಾಫ್ಟ್‌ವೇರ್ ಇದೆ, ಬರೀ ಫ್ಯಾನಿನ ಸದ್ದಿರುವ ಜಾಗ ತೋರಿಸಿದರೆ ಅದನ್ನು ಉಳಿದ ಕಡೆಯಿಂದ ಕಳೆಯುತ್ತದೆ. ಮಾಡಿದೆ. ಫ್ಯಾನು ಹೋಯಿತು, ಅಜ್ಜಿಯ ದನಿ ಕೊಡಪಾನದೊಳಗಿಂದ ಮಾತಾಡಿದ ಹಾಗೆ ಆಯಿತು. ಹೆಸರು ಮಾತ್ರ ಸಿಗಲಿಲ್ಲ.

ಆಮೇಲೆ ಶುರುವಾಯಿತು ನನ್ನ ತೂತಿನ ಹುಡುಕಾಟ. ಒಂದು ವರ್ಷ ನಾನು ಬೇರೆ ಏನನ್ನೂ ಓದಿದ ನೆನಪಿಲ್ಲ. ಮೊದಲ ಕ್ಯಾಮೆರಾ ಅರ್ಧ ಬೆಲೆಗೆ ಮಾರಿದೆ. ಬಜೆಟ್ 25,000, ಅದರಲ್ಲಿ ಮೈಕೂ ಬರಬೇಕು.

ಈ ದುಡ್ಡಿಗೆ ಹೊಸದು ನೋಡುವುದೇ ದಂಡ ಅಂತ ಬೇಗ ಗೊತ್ತಾಯಿತು. ಹೊಸದರಲ್ಲಿ ಆಗ ಈ ಬೆಲೆಗೆ ಸಿಗುತ್ತಿದ್ದುದು ಅದೇ ತೂತಿಲ್ಲದ ಕ್ಯಾಮೆರಾಗಳು. ಸೆಕೆಂಡ್ ಹ್ಯಾಂಡ್‌ನಲ್ಲಿ ದಾರಿಗಳು ಜಾಸ್ತಿ, ಗುಂಡಿಗಳೂ ಇವೆ. ಕ್ಯಾನನ್ 550ಡಿ ಬಹಳ ಅಗ್ಗಕ್ಕೆ ಸಿಗುತ್ತದೆ, ಮೈಕ್ ಜಾಕ್ ಕೂಡ ಇದೆ, ಆದರೆ ಫುಲ್ ಎಚ್‌ಡಿಯಲ್ಲಿ ಸುಮಾರು 12 ನಿಮಿಷಕ್ಕೆ ರೆಕಾರ್ಡಿಂಗ್ ನಿಂತುಹೋಗುತ್ತದೆ. ಒಂದು ಫೈಲು 4 ಜಿಬಿ ದಾಟುವ ಹಾಗಿಲ್ಲ, ದಾಟಿದರೆ ಮುಂದಿನ ಫೈಲು ತಾನೇ ಶುರು ಮಾಡುವ ಬುದ್ಧಿ ಅದಕ್ಕಿಲ್ಲ. ಹಾಡಿಗೆ ಸಾಕು, ಅಜ್ಜನ ಕತೆಗೆ ಸಾಲದು. 700ಡಿ ಹಾಗಲ್ಲ, 4 ಜಿಬಿ ಆದ ಕೂಡಲೇ ಹೊಸ ಫೈಲಿಗೆ ಹೋಗಿ ಮುಂದುವರಿಯುತ್ತದೆ. ಆದರೆ ಅದೂ 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತದೆ. ಈ 29:59ರ ಕತೆ ತಮಾಷೆಯದು. ಯುರೋಪಿನಲ್ಲಿ ಅರ್ಧ ಗಂಟೆ ಒಂದೇ ಸಮ ರೆಕಾರ್ಡ್ ಮಾಡುವ ಯಂತ್ರವನ್ನು ವಿಡಿಯೋ ಕ್ಯಾಮೆರಾ ಅಂತ ಲೆಕ್ಕ ಹಿಡಿದು ಆಮದು ಸುಂಕ ಜಾಸ್ತಿ ಹಾಕುತ್ತಿದ್ದರು. ಸುಂಕ ತಪ್ಪಿಸಲು ಕಂಪನಿಗಳು ಒಂದು ಸೆಕೆಂಡ್ ಮೊದಲೇ ನಿಲ್ಲಿಸಿದವು. ಎಲ್ಲೋ ಯುರೋಪಿನ ಕಸ್ಟಮ್ಸ್ ಲೆಕ್ಕಕ್ಕೆ ಸಾಗರ ತಾಲ್ಲೂಕಿನ ಅಜ್ಜ ಮಾತಿನ ಮಧ್ಯೆ ತಡೆಯಬೇಕು.

ಈ ಸುಂಕದ ತಾಪತ್ರಯ ಹ್ಯಾಂಡಿಕ್ಯಾಮ್‌ಗಳಿಗಿಲ್ಲ. ಅದಕ್ಕೇ ಸಂದರ್ಶನಕ್ಕೆ ಹ್ಯಾಂಡಿಕ್ಯಾಮೇ ಸರಿ ಅಂತ ನಾನು ಈಗಲೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ. ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಕಾಣುವ ಚಿತ್ರ ಎಲ್ಲರಿಗೂ ಬೇಕು. ನನಗೂ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಕ್ಯಾನನ್‌ನ ಲೆಜ್ರಿಯಾ ಎಚ್‌ಎಫ್ ಆರ್806 ಅಂತ ಒಂದು ಪುಟ್ಟ ಕ್ಯಾಮೆರಾ ಇತ್ತು, ಮುಷ್ಟಿಯೊಳಗೆ ಹಿಡಿಸುವಷ್ಟು, ಅದಕ್ಕೆ ಮೈಕೂ ಹಾಕಬಹುದು, ಹೆಡ್‌ಫೋನೂ ಹಾಕಬಹುದು. ಕೈಯಲ್ಲಿ ಹಿಡಿದೂ ನೋಡಿದ್ದೆ. "ಇದೇನು ಆಟದ ಸಾಮಾನಿನ ಹಾಗಿದೆ" ಅಂತ ಬಿಟ್ಟುಬಂದೆ. ಆ ಹೆಡ್‌ಫೋನ್ ತೂತಿನ ವಿಷಯ ನೆನಪಿಡಿ.

ಕೊನೆಗೆ ಕೊಂಡದ್ದು ಮದುವೆ ಫೋಟೋ ತೆಗೆಯುವವರೊಬ್ಬರ ಹತ್ತಿರ, ಅವರು ಪಕ್ಕಕ್ಕಿಟ್ಟಿದ್ದ 700ಡಿ. ಜೊತೆಗೇ ಬರುವ ಕಿಟ್ ಲೆನ್ಸ್ ಸೇರಿ 17,000. ಪರದೆ ಹೊರಕ್ಕೆ ತಿರುಗುತ್ತದೆ, ಸೌಂಡನ್ನು ಆಟೋದಿಂದ ಮ್ಯಾನ್ಯುಯಲ್‌ಗೆ ಹಾಕಬಹುದು, ಮೈಕಿನ ತೂತು ಇದೆ. ಬೆಲ್ಟಿನ ಜಾಗದಲ್ಲಿ ಅರಿಶಿನದ ಕಲೆ ಇತ್ತು. ಎಷ್ಟು ಮದುವೆ ನೋಡಿತ್ತೋ ಏನೋ.

ಇನ್ನು ಮೈಕು. ಇಲ್ಲಿ ಒಂದು ಲೆಕ್ಕ ಮಾತ್ರ ಹೇಳುತ್ತೇನೆ, ಇದು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಬಾಯಿಯಿಂದ ಮೈಕಿಗೆ ಇರುವ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕ್ಯಾಮೆರಾದ ಮೇಲೆ ಕೂರಿಸಿದ ಮೈಕು ಬಾಯಿಯಿಂದ ಎರಡು ಮೀಟರ್ ದೂರ. ಎದೆಗೆ ಸಿಕ್ಕಿಸಿದ ಕಾಲರ್ ಮೈಕು 20 ಸೆಂಟಿಮೀಟರ್. ಹತ್ತು ಪಟ್ಟು ಹತ್ತಿರ, 20 ಡೆಸಿಬೆಲ್ ಲಾಭ. ಫ್ಯಾನಿನ ಸದ್ದು ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ 10,000 ಕೊಟ್ಟು ಕ್ಯಾಮೆರಾದ ತಲೆ ಮೇಲೆ ಕೂರಿಸುವ ಉದ್ದನೆಯ ಮೈಕು ತರುವುದಕ್ಕಿಂತ, 1,000 ರೂಪಾಯಿಯ ತಂತಿ ಇರುವ ಕಾಲರ್ ಮೈಕು ಸಂದರ್ಶನಕ್ಕೆ ಮೇಲು. ತಲೆ ಮೇಲೆ ರೋಮ ಇರುವ ಮೈಕು ನೋಡಲು ಗತ್ತಾಗಿರುತ್ತದೆ, ಅದು ಬೇರೆ ಮಾತು.

ಕಾಲರ್ ಮೈಕು ಕೊಂಡ ಮೇಲೆ ಪಿನ್ನಿನ ರಗಳೆ. ಮೊಬೈಲಿಗೆ ಮಾಡಿದ ಮೈಕಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ ಇರುತ್ತದೆ, ಕ್ಯಾಮೆರಾಗೆ ಮಾಡಿದ್ದರಲ್ಲಿ ಎರಡು. ನೋಡಲು ಅಣ್ಣತಮ್ಮಂದಿರು, ತೂತಿಗೂ ಸಲೀಸಾಗಿ ಹೋಗುತ್ತವೆ, ಆದರೆ ಒಳಗಿನ ವೈರಿಂಗ್ ಬೇರೆ. ತಪ್ಪು ಹಾಕಿದರೆ ಒಮ್ಮೆ ಸಣ್ಣಗೆ ಕೇಳುತ್ತದೆ, ಒಮ್ಮೆ ಗುಂಯ್ ಅನ್ನುತ್ತದೆ, ಒಮ್ಮೆ ಏನೂ ಇಲ್ಲ. ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋಗಿ "ಮೂರೂವರೆ ಎಂಎಂ ಟಿಆರ್‌ಆರ್‌ಎಸ್ ಟು ಟಿಆರ್‌ಎಸ್" ಅಂತ ಓದಿಕೊಂಡು ಬಂದಿದ್ದನ್ನು ಒಪ್ಪಿಸಿದೆ. ಅಂಗಡಿಯವರು ನನ್ನ ಮುಖ ನೋಡಿ, "ಇಪಿ ಪಿನ್ನಾ? ಎರಡು ಗೆರೆದಾ, ಮೂರು ಗೆರೆದಾ?" ಅಂದರು. ಅಷ್ಟು ಸುಲಭ. ಕನ್ವರ್ಟರಿಗೆ 80 ರೂಪಾಯಿ. ಎರಡು ತಗೊಳ್ಳಿ ಸಾರ್, ಇದು ಕಳೆದುಹೋಗುವ ಸಾಮಾನು ಅಂದರು. ಅವರು ಹೇಳಿದ ಹಾಗೆಯೇ ಆಯಿತು.

2019ರ ದೀಪಾವಳಿ ಕಳೆದು, ಅಡಿಕೆ ಕೊಯ್ಲು ಶುರುವಾಗಿತ್ತು. ಅಜ್ಜಿಯ ಮೈದುನ, ಅದೇ ಮುಳುಗಿದ ಊರಿನವರು, ಮನೆ ಬಿಟ್ಟಾಗ ಅವರಿಗೆ ಹದಿನೈದೋ ಹದಿನಾರೋ. ಅವರ ಮನೆಗೆ ಹೋದೆ. ಈ ಸಲ ಎಲ್ಲ ಸರಿ ಮಾಡಿದ್ದೆ. ಫ್ಯಾನು ಆಫ್. ಹಾಲ್ ಬಿಟ್ಟು ಅಡಿಕೆ ಚೀಲ ಪೇರಿಸಿದ ಕೋಣೆಯಲ್ಲಿ ಕೂರಿಸಿದೆ. ಹಾಲ್ ಅಂದರೆ ನುಣುಪು ನೆಲ, ಬೋಳು ಗೋಡೆ, ಮಾತು ಅತ್ತಿತ್ತ ಬಡಿದು ಗೊಂಯ್ ಅನ್ನುತ್ತದೆ. ಚೀಲದ ಕೋಣೆಯಲ್ಲಿ ಹಾಗಿಲ್ಲ, ಸದ್ದನ್ನೆಲ್ಲ ಚೀಲವೇ ಹೀರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಸ್ಟುಡಿಯೋದವರು ಗೋಡೆಗೆ ಸ್ಪಂಜು ಅಂಟಿಸುವುದು ಇದಕ್ಕೇ.

ಕ್ಯಾಮೆರಾವನ್ನು ಪಾಲ್‌ಗೆ ಹಾಕಿ, ಅಂದರೆ ನಮ್ಮ ಕಡೆಯ ಟಿವಿ-ವಿಡಿಯೋ ಲೆಕ್ಕಕ್ಕೆ, ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಮಾಡಿದ್ದೆ. ನಮ್ಮ ಕರೆಂಟು 50 ಹರ್ಟ್ಸಿನದು, 30 ಫ್ರೇಮಿಗೂ 1/60ಕ್ಕೂ ಇಟ್ಟರೆ ಟ್ಯೂಬ್‌ಲೈಟಿನ ಬೆಳಕು ವಿಡಿಯೋದಲ್ಲಿ ಹೊಯ್ದಾಡುತ್ತದೆ. ಇದೂ ಒಂದು ಸಲ ಸುಟ್ಟುಕೊಂಡೇ ಕಲಿತದ್ದು.

ಅಜ್ಜ ಬರಿಮೈಯಲ್ಲಿದ್ದರು, ಹೆಗಲ ಮೇಲೊಂದು ಟವೆಲ್. ಕಾಲರ್ ಮೈಕು ಹಿಡಿದು ನಿಂತೆ, ಕಾಲರ್ ಎಲ್ಲಿದೆ? ಅಂಗಿ ಹಾಕಿಕೊಳ್ಳಿ ಅನ್ನಬಹುದಿತ್ತು. ಹೆಂಗಸರಾದರೆ ಒಳಗೆ ಹೋಗಿ ಒಳ್ಳೇ ಸೀರೆ ಉಟ್ಟುಕೊಂಡು ಬರುತ್ತಾರೆ, ಆ ರೇಷ್ಮೆ ಸೀರೆ ಮೈಕಿಗೆ ಉಜ್ಜಿ ಸರಸರ ಅನ್ನುತ್ತದೆ, ಕರಿಮಣಿ ಸರ ತಾಗಿ ಟಕ್ ಟಕ್ ಅನ್ನುತ್ತದೆ. ಹಳೇ ಹತ್ತಿ ಸೀರೆ, ಹೆಗಲ ಪಿನ್ನಿನ ಹತ್ತಿರ ಮೈಕು, ಅದೇ ಒಳ್ಳೆಯದು. ಅಜ್ಜನಿಗೆ ಟವೆಲನ್ನೇ ಎದೆ ಮೇಲೆ ಇಳಿಬಿಟ್ಟು ಅದಕ್ಕೆ ಸಿಕ್ಕಿಸಿದೆ. "ಇದೆಂತ ಮಾರಾಯ, ಉಣುಗು ಹತ್ತಿದ ಹಾಗೆ" ಅಂತ ನಕ್ಕರು. ಆಮೇಲೆ ಮಾತಿಗೆ ಕೂತರು. ಏನು ಮಾತು ಅದು! ಮೊದಲು ನೀರು ಬಂದದ್ದು ಹೊಳೆ ಕಡೆಯಿಂದಲ್ಲ, ತೋಡಿನಲ್ಲಿ ಹಿಮ್ಮುಖವಾಗಿ ಏರಿ ಬಂತು ಅಂತ ಕೈಯಲ್ಲಿ ತೋರಿಸಿದರು. ಗದ್ದೆಯ ಹೆಸರು ಕೇಳಿದೆ. ಹೇಳಿದರು. ನಾನು ಬರೆದುಕೊಳ್ಳಲಿಲ್ಲ, ರೆಕಾರ್ಡ್ ಆಗುತ್ತಿದೆಯಲ್ಲ ಅಂತ.

41 ನಿಮಿಷ, ಎರಡು ಕಂತಿನಲ್ಲಿ. ರಾತ್ರಿ ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದೆ. ಅಜ್ಜನ ಬಾಯಿ ಆಡುತ್ತಿದೆ. ಸದ್ದಿಲ್ಲ. ಸ್ಪೀಕರ್ ಆಫ್ ಆಗಿರಬೇಕು ಅಂದುಕೊಂಡೆ. ಇಲ್ಲ. ಇನ್ನೊಂದು ಫೈಲು ಹಾಕಿದೆ. ಅದರಲ್ಲೂ ಇಲ್ಲ. ಫುಲ್ ಜೋರು ಮಾಡಿದರೆ ಸ್ಸ್ಸ್ ಅನ್ನುವ ಒಂದು ಎಳೆ, ಅಷ್ಟೇ.

ಆಗಿದ್ದು ಇಷ್ಟು. ಆ ಮೈಕಿನ ತಂತಿಯ ಮಧ್ಯೆ ಒಂದು ಪುಟ್ಟ ಡಬ್ಬಿ ಇರುತ್ತದೆ, ಅದರಲ್ಲಿ ಗುಂಡಿ ಸೆಲ್ಲು, ಪಕ್ಕದಲ್ಲೊಂದು ಸ್ವಿಚ್ಚು. ಮೊಬೈಲಿಗಾದರೆ ಒಂದು ಕಡೆ, ಕ್ಯಾಮೆರಾಗಾದರೆ ಇನ್ನೊಂದು ಕಡೆ. ಹಿಂದಿನ ದಿನ ಮೊಬೈಲಿನಲ್ಲಿ ಟೆಸ್ಟ್ ಮಾಡಿದ್ದವನು ಸ್ವಿಚ್ಚು ಹಾಗೇ ಬಿಟ್ಟಿದ್ದೆ. ತಪ್ಪು ಪೂರಾ ನಂದೇ. ಇನ್ನೂ ಉರಿಯಾಗುವುದೇನೆಂದರೆ, ಮೈಕಿನ ಪಿನ್ನು ಹಾಕದೇ ಇದ್ದಿದ್ದರೆ ಕ್ಯಾಮೆರಾದ ಒಳಗಿನ ಮೈಕಾದರೂ ಕೆಲಸ ಮಾಡುತ್ತಿತ್ತು. ಹೊರಗಿನ ಪಿನ್ನು ಒಳಗೆ ಹೋದ ಕೂಡಲೇ ಒಳಗಿನ ಮೈಕು ಬಂದ್. ಅಂದರೆ ತೂತೇ ಇಲ್ಲದ ಮೊದಲ ಕ್ಯಾಮೆರಾ ನನಗೆ ಫ್ಯಾನನ್ನಾದರೂ ಕೊಟ್ಟಿತ್ತು. ತೂತು ಇರುವ ಕ್ಯಾಮೆರಾ ಏನೂ ಕೊಡಲಿಲ್ಲ.

ಆ ರಾತ್ರಿ ನನಗೆ ಆರ್806 ನೆನಪಾಯಿತು. ಆ ಆಟದ ಸಾಮಾನಿನಲ್ಲಿ ಹೆಡ್‌ಫೋನಿಗೆ ತೂತಿತ್ತಲ್ಲ. 700ಡಿಯಲ್ಲಿ ಅದಿಲ್ಲ. 200ಡಿಯಲ್ಲೂ ಇಲ್ಲ, ಕ್ಯಾನನ್ ಎಂ50ಯಲ್ಲೂ ಇಲ್ಲ, ಸೋನಿ ಎ6400ರಲ್ಲೂ ಇಲ್ಲ. ಕ್ಯಾನನ್‌ನ ಡಿಎಸ್‌ಎಲ್‌ಆರ್‌ನಲ್ಲಿ ಎರಡೂ ತೂತು ಬೇಕೆಂದರೆ 80ಡಿಯವರೆಗೆ ಏರಬೇಕು. ಸೋನಿಯಲ್ಲಿ 2021ರಲ್ಲಿ ಬಂದ ಜಡ್‌ವಿ-ಇ10ನಲ್ಲಿ ಎರಡೂ ಇವೆ, ಆದರೆ ಬಜೆಟ್ ದಾಟುತ್ತದೆ. ವರ್ಷವಿಡೀ ನಾನು ಸದ್ದು ಒಳಗೆ ಹೋಗುವ ತೂತನ್ನೇ ಹುಡುಕಿದೆ. ಸದ್ದು ಒಳಗೆ ಹೋಯಿತಾ ಅಂತ ನೋಡಲು ಇನ್ನೊಂದು ತೂತು ಬೇಕು ಅನ್ನುವುದು ಹೊಳೆಯಲೇ ಇಲ್ಲ. ಮನೆಯಲ್ಲಿ ಪಂಪು ಹಾಕಿದರೆ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿಕೊಂಡು ಬರುತ್ತೇವೆ. 41 ನಿಮಿಷ ಒಬ್ಬರ ಜೀವಮಾನದ ಮಾತು ತುಂಬಿಸಿಕೊಳ್ಳುವಾಗ ಒಮ್ಮೆಯೂ ಕೇಳಿಸಿಕೊಳ್ಳಲಿಲ್ಲ.

ಒಂದು ವಾರ ಬಿಟ್ಟು ಅಜ್ಜನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. "ಅಡಿಕೆ ಮುಗಿಲಿ, ಬಾ" ಅಂದರು.

ಅಷ್ಟರಲ್ಲಿ ಇನ್ನೊಂದು ಖರ್ಚು ಮಾಡಿದೆ. ಜೂಮ್ ಕಂಪನಿಯ ಎಚ್1, ಕೈಯಲ್ಲಿ ಹಿಡಿಯುವ ರೆಕಾರ್ಡರು, ಅದೂ ಸೆಕೆಂಡ್ ಹ್ಯಾಂಡ್. 2010ರ ಮಾಡೆಲ್. ಒಂದೇ ಪೆನ್ಸೆಲ್ಲು ಹಾಕಿದರೆ ಸಾಕು, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಕಾಲರ್ ಮೈಕು ಇದಕ್ಕೆ ಹಾಕುವುದು, ಇದರ ಹೆಡ್‌ಫೋನ್ ತೂತಿಗೆ ನನ್ನ ಹೆಡ್‌ಫೋನು. ಕ್ಯಾಮೆರಾ ತನ್ನ ಪಾಡಿಗೆ ಒಳಗಿನ ಮೈಕಿನಲ್ಲಿ ಏನಾದರೂ ರೆಕಾರ್ಡ್ ಮಾಡಿಕೊಳ್ಳಲಿ. ಎರಡೂ ಓಡುತ್ತಿರುವಾಗ ಒಂದು ಚಪ್ಪಾಳೆ ಹೊಡೆಯುವುದು. ಆಮೇಲೆ ಎಡಿಟ್ ಮಾಡುವಾಗ ಎರಡರಲ್ಲೂ ಆ ಚಪ್ಪಾಳೆ ಚೂಪಾಗಿ ಎದ್ದು ಕಾಣುತ್ತದೆ, ಒಂದರ ಕೆಳಗೊಂದು ಕೂರಿಸಿದರೆ ತುಟಿಗೂ ಮಾತಿಗೂ ಹೊಂದಿಕೆ. ಗಂಟೆಗಟ್ಟಲೆ ಓಡಿದರೆ ಎರಡು ಯಂತ್ರದ ಗಡಿಯಾರ ಚೂರು ಚೂರು ಬೇರೆಯಾಗಿ ಕೊನೆಗೆ ತುಟಿ ಮುಂದೆ, ಮಾತು ಹಿಂದೆ ಆಗುತ್ತದೆ. ಆದರೆ 29:59ಕ್ಕೆ ಕ್ಯಾಮೆರಾ ನಿಲ್ಲುತ್ತದಲ್ಲ, ಆಗ ಇನ್ನೊಂದು ಚಪ್ಪಾಳೆ. ಯುರೋಪಿನ ಕಸ್ಟಮ್ಸಿನವರಿಂದ ಅಷ್ಟು ಉಪಕಾರ.

ಈ ರೆಕಾರ್ಡರಿನ 48 ಕಿಲೋಹರ್ಟ್ಸ್, 16 ಬಿಟ್ ವೇವ್ ಫೈಲು, ಅಂದರೆ ಸದ್ದನ್ನು ಕುಗ್ಗಿಸದೆ ಇಡುವ ಫೈಲು, ಎರಡು ಚಾನೆಲ್ ಸೇರಿ ಗಂಟೆಗೆ ಸುಮಾರು 690 ಎಂಬಿ. ವಿಡಿಯೋದ ಮುಂದೆ ಅದು ಏನೂ ಅಲ್ಲ. ಲೆವೆಲ್ ಮಾತ್ರ ಕೈಯಾರೆ ಇಡಬೇಕು, ಜೋರು ಮಾತು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲಿನ ಆಸುಪಾಸು ಬರುವ ಹಾಗೆ. ಟೆಸ್ಟಿಗೆ "ಒಂದು ಎರಡು ಮೂರು ಹೇಳಿ" ಅಂದರೆ ಎಲ್ಲರೂ ಶಾಲೆ ಹುಡುಗರ ಹಾಗೆ ಮೆಲ್ಲಗೆ ಹೇಳುತ್ತಾರೆ, ಆಮೇಲೆ ಕತೆ ಹೇಳುವಾಗ ಕೂಗುತ್ತಾರೆ. ನಾನು "ಈ ವರ್ಷ ಅಡಿಕೆ ರೇಟು ಹೇಗಿದೆ?" ಅಂತ ಕೇಳುತ್ತೇನೆ. ಸಿಟ್ಟಿನ ದನಿ ಎಷ್ಟು ಎತ್ತರ ಹೋಗುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಹೆಡ್‌ಫೋನ್ ಹಾಕಿಕೊಂಡು ಮೊದಲ ಸಲ ಒಂದು ಮನೆಯೊಳಗೆ ಕೂತಾಗ ಗಾಬರಿಯಾಯಿತು. ಮನೆ ಇಷ್ಟು ಸದ್ದು ಮಾಡುತ್ತದಾ? ಫ್ರಿಜ್ಜು ಗುರ್ ಅನ್ನುತ್ತಿತ್ತು. ಆಫ್ ಮಾಡಿ, ಮತ್ತೆ ಆನ್ ಮಾಡುವುದು ಮರೆಯದಿರಲಿ ಅಂತ ಬೈಕಿನ ಕೀ ಅದರೊಳಗೇ ಇಟ್ಟೆ. ಗೋಡೆ ಗಡಿಯಾರ, ಕೊಟ್ಟಿಗೆಯ ಗಂಟೆ, ಎಲ್ಲೋ ಅಡಿಕೆ ಸುಲಿಯುವ ಮಷಿನ್, ನನ್ನದೇ ಜೇಬಿನಲ್ಲಿ ಚಿಲ್ಲರೆ. ಜೀರುಂಡೆಯ ಸದ್ದಿಗೆ ಮಾತ್ರ ಮದ್ದಿಲ್ಲ, ಸಂಜೆ ಆರರ ಮೇಲೆ ನಮ್ಮ ಕಡೆ ರೆಕಾರ್ಡಿಂಗ್ ಮಾಡಲೇಬಾರದು. ಕರೆಂಟು ಹೋದರೆ ಮೊದಲೆಲ್ಲ ಬೈಯುತ್ತಿದ್ದೆ, ಈಗ ಕರೆಂಟು ಹೋದ ಕೂಡಲೇ "ಬೇಗ, ಬೇಗ, ಶುರು ಮಾಡಿ" ಅನ್ನುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ತಂಗಿ ಕೇಳುವುದು ಗೊತ್ತು: "ಅದೆಲ್ಲ ಸರಿ, ನಾನು ಯಾವುದು ತಗೊಳ್ಲಿ?"

ನೋಡು, ನಿನ್ನ ಮೊಬೈಲ್ ಚೆನ್ನಾಗಿದ್ದರೆ ಕ್ಯಾಮೆರಾ ತಗೊಳ್ಳಲೇಬೇಡ. ಟೈಪ್ ಸಿಗೆ ಹಾಕುವ ಎರಡು ಮೈಕಿನ ವೈರ್‌ಲೆಸ್ ಸೆಟ್ಟು ತಗೋ, ಒಂದು ಅವರಿಗೆ, ಒಂದು ನಿನಗೆ. ಸಾಧ್ಯವಾದರೆ ರಿಸೀವರಿನಲ್ಲೇ ಹೆಡ್‌ಫೋನ್ ತೂತು ಇರುವುದು ನೋಡು. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕು, ಇಲ್ಲದಿದ್ದರೆ ಸರಿಯಾದ ಹೊತ್ತಿಗೆ ಚಿಕ್ಕಮ್ಮ "ಊಟ ಆಯ್ತಾ" ಅಂತ ಫೋನ್ ಮಾಡುತ್ತಾಳೆ. ಕ್ಯಾಮೆರಾನೇ ಬೇಕು ಅಂದರೆ ಹಳೇ 700ಡಿಯೋ 200ಡಿಯೋ. 200ಡಿ ಸಿಕ್ಕರೆ ಅದೇ ಇರಲಿ, ಫೋಕಸ್ ತಾನೇ ಮುಖ ಹಿಡಿದುಕೊಳ್ಳುತ್ತದೆ, ಒಬ್ಬಳೇ ಹೋಗುವವಳಿಗೆ ಅದು ದೊಡ್ಡ ಅನುಕೂಲ. ಇನ್ನೊಂದು ಬ್ಯಾಟರಿ ಕೊಳ್ಳಲೇಬೇಕು. 25 ಸಾವಿರದಲ್ಲಿ 15 ದಾಟದ ಹಾಗೆ ಕ್ಯಾಮೆರಾಗೆ, ಉಳಿದದ್ದು ಸೌಂಡಿಗೆ. 4ಕೆ ಬೇಕಾ ಅಂತ ಕೇಳಬೇಡ. ಆರ್806ರ ಹಾಗೆ ಎರಡೂ ತೂತಿನ ಹ್ಯಾಂಡಿಕ್ಯಾಮ್ ಎಲ್ಲಾದರೂ ಕಂಡರೆ, ಆಟದ ಸಾಮಾನು ಅಂತ ಬಿಟ್ಟುಬರಬೇಡ, ನಿನಗೆ ಬೇಡವಾದರೂ ನನಗೆ ಹೇಳು.

2020ರ ಜನವರಿಯಲ್ಲಿ ಅಜ್ಜನ ಮನೆಗೆ ಮತ್ತೆ ಹೋದೆ. ಅದೇ ಚೀಲದ ಕೋಣೆ, ಚೀಲ ಅರ್ಧ ಖಾಲಿಯಾಗಿತ್ತು, ಒಂದು ಕಂಬಳಿ ನೇತುಹಾಕಿದೆ. ಚಪ್ಪಾಳೆ ಹೊಡೆದಾಗ "ಎಂತ, ಭಜನೆಯಾ?" ಅಂದರು. ಮಾತಾಡಿದರು. ಆದರೆ ಮೊದಲ ಸಲದ ಹಾಗಲ್ಲ. ಒಮ್ಮೆ ಹೇಳಿ ಮುಗಿಸಿದ ಕತೆಯನ್ನು ಅದೇ ಮನುಷ್ಯನಿಗೆ ಇನ್ನೊಮ್ಮೆ ಹೇಳುವುದು ಯಾರಿಗಾದರೂ ಕಷ್ಟ. ನೀರು ಏರಿ ಬಂದ ಕತೆ ಬಂದಾಗ "ಆವತ್ತು ಹೇಳಿದೆನಲ್ಲ, ಹಾಗೆ ಬಂತು ನೀರು" ಅಂತ ಮುಂದೆ ಹೋದರು. ಕೈ ಎತ್ತಲಿಲ್ಲ. ಕೈ ಎತ್ತಿದ್ದು ನನ್ನ ಹತ್ತಿರ ಇದೆ, ಸದ್ದಿಲ್ಲದ ಆ ಫೈಲಿನಲ್ಲಿ. ಹಾಗಾಗಿ ಅದನ್ನೂ ಅಳಿಸಿಲ್ಲ.

ಗದ್ದೆಯ ಹೆಸರು ಕೇಳಿದೆ. ಅಜ್ಜಿಯ ನಾಲ್ಕು ಹೆಸರು ನಾನೇ ಹೇಳಿದೆ, ಉಳಿದ ಮೂರು ಯಾವುದು ಅಂತ. ಹಾಳಿಗದ್ದೆ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಕೊಡಸಿನ ಗದ್ದೆ. ಇನ್ನೊಂದು ಬರಲಿಲ್ಲ. ತುಂಬಾ ಹೊತ್ತು ಸುಮ್ಮನೆ ಕೂತರು. ಹೆಡ್‌ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು, ಟವೆಲ್ಲು ಮೈಗೆ ತಾಗುವುದು ಕೇಳುತ್ತಿತ್ತು. ಫ್ಯಾನಿರಲಿಲ್ಲ.

"ಅದರಲ್ಲಿ ಎಂತ ಕೇಳ್ತದೆ?" ಅಂತ ಕೊನೆಗೆ ಅವರೇ ಕೇಳಿದರು. ಹೆಡ್‌ಫೋನ್ ತೆಗೆದು ಅವರ ಕಿವಿಗೆ ಹಾಕಿದೆ. ಅಜ್ಜನಿಗೆ ಎರಡೂ ಕಿವಿ ಸ್ವಲ್ಪ ಮಂದ, ಅದಕ್ಕೇ ವಾಲ್ಯೂಮ್ ಎರಡು ಸಲ ಒತ್ತಿದೆ. ನೆಟ್ಟಗೆ ಕೂತರು. ಕೊಟ್ಟಿಗೆ ಕಡೆ ತಿರುಗಿದರು, ಬಾಗಿಲ ಕಡೆ ತಿರುಗಿದರು, ಬಾಯಿಗೆ ಬೆರಳಿಟ್ಟು ನನಗೆ ಸುಮ್ಮನಿರಲು ಹೇಳಿದರು. ಮೂರು ನಾಲ್ಕು ನಿಮಿಷ ಹಾಗೇ. ಆಮೇಲೆ ಹೆಡ್‌ಫೋನ್ ತೆಗೆಯದೆಯೇ, ಕೋಣೆ ಅದುರುವ ಹಾಗೆ, ಮೈನಸ್ 12 ಎಲ್ಲ ದಾಟಿ, ಒಳಕ್ಕೆ ಕೂಗಿದರು:

"ಏ ಇವಳೇ, ಕುಕ್ಕರ್ ಎರಡೇ ಸಲ ಕೂಗಿದ್ದು, ಈಗಲೇ ಇಳಿಸಬೇಡ!"